ರೊಟ್ಟಿಯ ಲೆಕ್ಕ, ಯುದ್ಧದ ಲೆಕ್ಕ: ರಿಚರ್ಡ್ ಕಾಬ್ಡೆನ್ ಕುರಿತು

1849ರ ಜೂನ್ 12ರಂದು, ಬ್ರಿಟಿಷ್ ಪಾರ್ಲಿಮೆಂಟಿನ ಕೆಳಮನೆಯಾದ ಲಂಡನ್ನಿನ ಕಾಮನ್ಸ್ ಸಭೆಯಲ್ಲಿ, ಅದರ ಸದಸ್ಯರಾಗಿದ್ದ ಬಟ್ಟೆ ವ್ಯಾಪಾರಿ ರಿಚರ್ಡ್ ಕಾಬ್ಡೆನ್ ಒಂದು ಗೊತ್ತುವಳಿಯನ್ನು ಮಂಡಿಸಿದರು. ಬ್ರಿಟನ್ ಬೇರೆ ಬೇರೆ ರಾಷ್ಟ್ರಗಳೊಡನೆ ಮೊದಲೇ ಒಪ್ಪಂದ ಮಾಡಿಕೊಂಡಿರಬೇಕು, ಮುಂದೆ ಯಾವಾಗಲಾದರೂ ತಕರಾರು ಎದ್ದು ಅದು ಮಾತುಕತೆಯಿಂದ ಬಗೆಹರಿಯದೆ ಹೋದರೆ ಎರಡೂ ಕಡೆಯವರು ಒಪ್ಪಿದ ಮಧ್ಯಸ್ಥರ ಮುಂದೆ ಅದನ್ನು ಇಡಬೇಕು ಎಂಬುದಷ್ಟೇ ಅದರ ಸಾರ. ಹೊಲದ ಬದುವಿನ ಜಗಳಕ್ಕೆ ಊರಿನ ನಾಲ್ಕು ಜನ ಹಿರಿಯರನ್ನು ಕೂಡಿಸುವ ನಮ್ಮ ಕಡೆಯ ರೈತನಿಗೆ ಇದರಲ್ಲಿ ಹೊಸದೇನೂ ಕಾಣಲಾರದು. ಮತ ಎಣಿಸಿದಾಗ ಗೊತ್ತುವಳಿಯ ಪರವಾಗಿ 79, ವಿರುದ್ಧವಾಗಿ 176 ಬಂದವು. ಮೂರೇ ವರ್ಷದ ಹಿಂದೆ, 1846ರ ಮೇ ತಿಂಗಳಲ್ಲಿ, ಇದೇ ಮನುಷ್ಯ ಏಳೆಂಟು ವರ್ಷ ಊರೂರು ತಿರುಗಿ ಕೇಳಿದ್ದ ಇನ್ನೊಂದು ಬೇಡಿಕೆಯನ್ನು ಇದೇ ಸಭೆ 327ಕ್ಕೆ 229 ಮತಗಳಿಂದ ಒಪ್ಪಿಕೊಂಡಿತ್ತು.

ಆ ಬೇಡಿಕೆ, ಹೊರದೇಶದ ಗೋಧಿಯನ್ನು ತಡೆದು ರೊಟ್ಟಿಯನ್ನು ತುಟ್ಟಿ ಮಾಡಿದ್ದ ಧಾನ್ಯ ಕಾಯ್ದೆಯನ್ನು ರದ್ದು ಮಾಡಬೇಕೆಂಬುದು. ಕಾಬ್ಡೆನ್ ಅವರ ವಿಷಯ ಬಂದಾಗಲೆಲ್ಲ ಮೊದಲು ಗೆದ್ದ ಈ ಹೋರಾಟವನ್ನು ವಿಸ್ತಾರವಾಗಿ ಹೇಳಿ, ಆಮೇಲಿನ ಶಾಂತಿಯ ಮಾತನ್ನು ಒಳ್ಳೆಯ ಮನಸ್ಸಿನವನ ಕನಸು ಎಂದು ಎರಡು ಸಾಲಿನಲ್ಲಿ ಮುಗಿಸುವ ರೂಢಿಯಿದೆ. ಹಲವು ವರ್ಷ ಅವರ ಭಾಷಣಗಳನ್ನೂ ಕಿರುಹೊತ್ತಗೆಗಳನ್ನೂ ಬಿಡುವಾದಾಗಲೆಲ್ಲ ಓದುತ್ತ ಬಂದ ನನಗೆ ಈ ವಿಂಗಡಣೆ ಸರಿಯೆನಿಸಿಲ್ಲ. ಅವರು ಮಾಡಿದ್ದು ಒಂದೇ ಲೆಕ್ಕ. ರೊಟ್ಟಿಯ ಬೆಲೆಯಲ್ಲಿ ಯಾರ ಪಾಲು ಎಷ್ಟು, ಅದನ್ನು ಕೊಡುವವನು ಯಾರು ಎಂದು ಕೇಳಿದ ಹಾಗೆಯೇ, ಯುದ್ಧದ ಬೆಲೆಯಲ್ಲಿ ಯಾರ ಪಾಲು ಎಷ್ಟು, ಅದನ್ನು ತೆರುವವನು ಯಾರು ಎಂದೂ ಅವರು ಕೇಳಿದರು. ದೇಶ ಆ ಲೆಕ್ಕದ ಮೊದಲರ್ಧವನ್ನು ಒಪ್ಪಿ ಉಳಿದರ್ಧವನ್ನು ಕೈಬಿಟ್ಟಿತು. ಹಾಗೆ ಅರ್ಧಕ್ಕೆ ನಿಂತ ಲೆಕ್ಕದ ಫಲ ನಮ್ಮ ಧಾರವಾಡ ಸೀಮೆಯ ಎರೆಹೊಲದವರೆಗೂ ಬಂದು ಮುಟ್ಟಿದ್ದರಿಂದಲೇ ನಾನು ಇದನ್ನು ಬರೆಯಲು ಕುಳಿತಿದ್ದೇನೆ.

ಕಾಬ್ಡೆನ್ ಹುಟ್ಟಿದ್ದು 1804ರ ಜೂನ್ 3ರಂದು, ಇಂಗ್ಲೆಂಡಿನ ದಕ್ಷಿಣದ ಸಸೆಕ್ಸಿನಲ್ಲಿ, ಮಿಡ್‌ಹರ್ಸ್ಟ್ ಪಟ್ಟಣದ ಹತ್ತಿರದ ಡನ್‌ಫರ್ಡ್ ಎಂಬ ಒಕ್ಕಲುಮನೆಯಲ್ಲಿ. ಹನ್ನೊಂದು ಮಕ್ಕಳ ಸಂಸಾರ. ತಂದೆ ಒಳ್ಳೆಯವರಾದರೂ ವ್ಯವಹಾರ ತಿಳಿಯದವರು; ಸಾಲಕ್ಕೆ ಸಿಕ್ಕಿ ಜಮೀನು ಕೈಬಿಟ್ಟಿತು, ಮಕ್ಕಳು ಬಂಧುಗಳ ಪಾಲಾದರು. ಹುಡುಗನನ್ನು ದೂರದ ಯಾರ್ಕ್‌ಷೈರಿನ ಒಂದು ವಸತಿಶಾಲೆಗೆ ಕಳಿಸಿದರು. ಅಲ್ಲಿ ಐದು ವರ್ಷ ಹೊಟ್ಟೆಗೆ ಸರಿಯಾಗಿ ಅನ್ನವಿಲ್ಲದೆ, ತಂದೆತಾಯಿಯ ಮುಖ ಕಾಣದೆ ಕಳೆದದ್ದನ್ನು ಅವರು ಮುಂದೆ ನೆನೆಯಲೂ ಇಷ್ಟಪಡುತ್ತಿರಲಿಲ್ಲ. ಹದಿನೈದಕ್ಕೆ ಲಂಡನ್ನಿನಲ್ಲಿ ಸಂಬಂಧಿಕರ ಬಟ್ಟೆ ಮಳಿಗೆಯಲ್ಲಿ ಗುಮಾಸ್ತಿಕೆ, ಆಮೇಲೆ ಮಸ್ಲಿನ್ ಮತ್ತು ಕ್ಯಾಲಿಕೊ ಬಟ್ಟೆಯ ಮಾದರಿಗಳನ್ನು ಹೊತ್ತು ಕುದುರೆಬಂಡಿಯಲ್ಲಿ ಊರೂರು ಸುತ್ತುವ ಕೆಲಸ. (ಕ್ಯಾಲಿಕೊ ಎಂಬ ಹೆಸರು ನಮ್ಮ ಕರಾವಳಿಯ ಕೆಳಗಿನ ಕಲ್ಲಿಕೋಟೆಯಿಂದ ಹೋದದ್ದು. ಅಲ್ಲಿಂದ ಬಟ್ಟೆ ಹೋಗುತ್ತಿದ್ದ ಕಾಲ ಮುಗಿದು, ಅದೇ ಹೆಸರಿನ ಬಟ್ಟೆ ಇಂಗ್ಲೆಂಡಿನ ಗಿರಣಿಗಳ ಸೀಮೆಯಾದ ಲ್ಯಾಂಕಷೈರಿನಿಂದ ಇಲ್ಲಿಗೆ ಬರತೊಡಗಿದ್ದ ಕಾಲವದು.) 1828ರಲ್ಲಿ ಇಬ್ಬರು ಗೆಳೆಯರ ಜೊತೆ ಸ್ವಂತ ವ್ಯಾಪಾರ ಆರಂಭಿಸಿದರು, 1831ರ ಹೊತ್ತಿಗೆ ಲ್ಯಾಂಕಷೈರಿನ ಸಬ್ಡೆನ್ ಎಂಬ ಹಳ್ಳಿಯಲ್ಲಿ ಬಟ್ಟೆಗೆ ಬಣ್ಣದ ಅಚ್ಚು ಹಾಕುವ ಕಾರ್ಖಾನೆ ಅವರ ಕೈಗೆ ಬಂದಿತ್ತು.

ದುಡ್ಡು ಬರತೊಡಗಿದಾಗ ಅವರು ಮಾಡಿದ್ದು ಎರಡು ಕೆಲಸ: ಓದಿದರು, ತಿರುಗಿದರು. ಅಮೆರಿಕ, ಸ್ಪೇನ್, ಈಜಿಪ್ಟ್, ತುರ್ಕಿ ಎಲ್ಲವನ್ನೂ ಕಣ್ಣಾರೆ ಕಂಡುಬಂದರು. 1835ರಲ್ಲಿ ಹೆಸರು ಹಾಕದೆ, ‘ಮ್ಯಾಂಚೆಸ್ಟರಿನ ಒಬ್ಬ ಕಾರ್ಖಾನೆದಾರ’ ಎಂದಷ್ಟೇ ಗುರುತು ಹೇಳಿಕೊಂಡು, ಇಂಗ್ಲೆಂಡ್, ಐರ್ಲೆಂಡ್ ಮತ್ತು ಅಮೆರಿಕಗಳನ್ನು ಕುರಿತು ಒಂದು ಹೊತ್ತಗೆ ಬರೆದರು; ಮರುವರ್ಷ ರಷ್ಯಾವನ್ನು ಕುರಿತು ಇನ್ನೊಂದು. ಸರಕಾರ ಸರಕಾರಗಳ ನಡುವೆ ಆದಷ್ಟು ಕಡಿಮೆ ವ್ಯವಹಾರ, ಜನ ಜನರ ನಡುವೆ ಆದಷ್ಟು ಹೆಚ್ಚು ಬಳಕೆ ಇರಲಿ ಎಂಬ ಅವರ ಮಾತು ಆ ಮೊದಲ ಬರಹಗಳಲ್ಲಿಯೇ ಇದೆ. ಗಿರಾಕಿಯನ್ನು ಅಂಗಡಿಗೆ ಕರೆತರುವುದು ಸರಕಿನ ಬೆಲೆಯೇ ಹೊರತು ಬಂದರಿನಲ್ಲಿ ನಿಂತ ಯುದ್ಧನೌಕೆಯಲ್ಲ, ಒಂದೂ ನೌಕೆಯಿಲ್ಲದ ಸ್ವಿಟ್ಜರ್ಲೆಂಡಿನ ಬಟ್ಟೆ ಎಲ್ಲೆಲ್ಲೂ ಮಾರಾಟವಾಗುತ್ತಿಲ್ಲವೇ ಎಂಬುದು ಅವರ ವಾದ. ಧಾನ್ಯ ಕಾಯ್ದೆಯ ಹೋರಾಟ ಹುಟ್ಟುವ ಮೊದಲೇ ಅವರ ವಿದೇಶನೀತಿಯ ವಿಚಾರ ಗಟ್ಟಿಯಾಗಿತ್ತು ಎಂಬುದನ್ನು ಗಮನಿಸಬೇಕು. ಶಾಂತಿಯ ಮಾತು ಅವರಿಗೆ ಗೆದ್ದ ಮೇಲೆ ಹೊಳೆದದ್ದಲ್ಲ.

ಇನ್ನು ಧಾನ್ಯ ಕಾಯ್ದೆ. ನೆಪೋಲಿಯನ್ನನ ಯುದ್ಧಗಳು ಮುಗಿದ 1815ರಲ್ಲಿ, ಭೂಮಾಲೀಕರೇ ತುಂಬಿದ್ದ ಪಾರ್ಲಿಮೆಂಟು, ಒಂದು ಕ್ವಾರ್ಟರ್ ಗೋಧಿಯ ಬೆಲೆ 80 ಷಿಲಿಂಗ್ ಮುಟ್ಟುವ ತನಕ ಹೊರದೇಶದ ಗೋಧಿ ಒಳಗೆ ಬರಕೂಡದು ಎಂದು ಕಾನೂನು ಮಾಡಿತು. ಒಂದು ಕ್ವಾರ್ಟರ್ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 218 ಕಿಲೋ. ವಾರಕ್ಕೆ 8–10 ಷಿಲಿಂಗ್ ಕೂಲಿಯಲ್ಲಿ ಸಂಸಾರ ಸಾಗಿಸುವ ಹೊಲದಾಳಿಗೆ ಈ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. 1828ರಲ್ಲಿ ನೇರ ನಿಷೇಧ ಹೋಗಿ, ಬೆಲೆ ಇಳಿದಂತೆ ಸುಂಕ ಏರುವ ಜಾರುಪಟ್ಟಿ ಬಂತು. ಆದರೂ ಬಡವನ ತಟ್ಟೆಯಿಂದ ಒಂದು ಪಾಲು ಜಮೀನಿನ ಗುತ್ತಿಗೆಯ ರೂಪದಲ್ಲಿ ಒಡೆಯನ ಮನೆಗೆ ಹೋಗುವುದು ತಪ್ಪಲಿಲ್ಲ.

1838ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಸಂಘ ಮರುವರ್ಷ ‘ಧಾನ್ಯ ಕಾಯ್ದೆ ವಿರೋಧಿ ಲೀಗ್’ ಆಯಿತು. ಕಾಬ್ಡೆನ್ ಅದರ ತಲೆಯೂ ನಾಲಿಗೆಯೂ ಆದರು. ಚಳವಳಿಗಳ ಇತಿಹಾಸದಲ್ಲಿ ಆಸಕ್ತಿಯಿರುವ ಯಾರಾದರೂ ಈ ಲೀಗಿನ ಕೆಲಸದ ಬಗೆಯನ್ನು ಅಭ್ಯಾಸ ಮಾಡಬೇಕು. 1840ರಲ್ಲಿ ಬಂದ ಒಂದು ಪೆನ್ನಿಯ ಅಂಚೆಯನ್ನು ಅವರು ಬಳಸಿಕೊಂಡಂತೆ ಬೇರೆ ಯಾರೂ ಬಳಸಲಿಲ್ಲ. 1843ರ ಒಂದೇ ವರ್ಷದಲ್ಲಿ 90 ಲಕ್ಷಕ್ಕೂ ಹೆಚ್ಚು ಕರಪತ್ರಗಳು ಮನೆಮನೆಗೆ ಹೋದವು. ಸಂಬಳದ ಭಾಷಣಕಾರರು ಹಳ್ಳಿಗಳನ್ನು ಸುತ್ತಿದರು. ಮತದಾರರ ಪಟ್ಟಿಯನ್ನು ಹೆಸರು ಹೆಸರಾಗಿ ತಪಾಸಣೆ ಮಾಡಿದರು. ವರ್ಷಕ್ಕೆ 40 ಷಿಲಿಂಗ್ ಆದಾಯ ಬರುವ ತುಂಡು ಜಮೀನು ಇದ್ದವನಿಗೆ ಜಿಲ್ಲಾ ಕ್ಷೇತ್ರದಲ್ಲಿ ಮತದ ಹಕ್ಕಿತ್ತಾದ್ದರಿಂದ, ಉಳಿತಾಯವಿದ್ದ ಕೆಲಸಗಾರರಿಂದ ಅಂಥ ತುಂಡುಗಳನ್ನು ಕೊಳ್ಳಿಸಿ ಹೊಸ ಮತದಾರರನ್ನು ಹುಟ್ಟಿಸಿದರು. ಹೆಂಗಸರು ಚಹಾಕೂಟಗಳನ್ನು ನಡೆಸಿ, 1845ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ ನಾಟಕಶಾಲೆಯಲ್ಲಿ ದೊಡ್ಡ ಬಜಾರು ಹೂಡಿ ಹಣ ಕೂಡಿಸಿದರು. ಸಭೆಗಳಲ್ಲಿ ಎರಡು ರೊಟ್ಟಿಗಳನ್ನು ಎತ್ತಿ ತೋರಿಸುವುದು ವಾಡಿಕೆಯಾಯಿತು: ಸುಂಕವಿಲ್ಲದ ದೊಡ್ಡ ರೊಟ್ಟಿ, ಸುಂಕ ಬಿದ್ದ ಸಣ್ಣ ರೊಟ್ಟಿ. ಅಕ್ಷರ ಬಾರದವನಿಗೂ ಅರ್ಥಶಾಸ್ತ್ರ ಅಲ್ಲಿ ಕಣ್ಣಿಗೆ ಕಾಣುತ್ತಿತ್ತು. 1819ರಲ್ಲಿ ಬಡವರ ಸಭೆಯ ಮೇಲೆ ಕುದುರೆ ಸವಾರರು ಕತ್ತಿ ಬೀಸಿದ್ದ ಸೇಂಟ್ ಪೀಟರ್ಸ್ ಮೈದಾನದಲ್ಲಿ ಕಾಬ್ಡೆನ್ ಅವರದೇ ಜಾಗವಿತ್ತು. ಲೀಗಿನ ಸಭಾಭವನ ಅಲ್ಲಿ ಎದ್ದಿತು, ಇಂದಿಗೂ ಅದರ ಹೆಸರು ಮುಕ್ತ ವ್ಯಾಪಾರ ಭವನ.

ಜಾನ್ ಬ್ರೈಟ್ ಈ ಕೆಲಸಕ್ಕೆ ಪೂರ್ತಿಯಾಗಿ ಬಂದ ಪ್ರಸಂಗವನ್ನು ಬ್ರೈಟ್ ಅವರೇ ಎಷ್ಟೋ ವರ್ಷಗಳ ಮೇಲೆ ಹೇಳಿದ್ದಾರೆ. ಅವರು ರಾಚ್‌ಡೇಲಿನ ನೂಲಿನ ಗಿರಣಿಯವರು, ಯುದ್ಧವನ್ನು ಒಪ್ಪದ ಕ್ರೈಸ್ತರ ಕ್ವೇಕರ್ ಪಂಥದವರು, ಕಾಬ್ಡೆನ್ ಅವರಿಗಿಂತ ಏಳು ವರ್ಷ ಚಿಕ್ಕವರು. 1841ರ ಸೆಪ್ಟೆಂಬರಿನಲ್ಲಿ ಲೆಮಿಂಗ್ಟನ್ನಿನಲ್ಲಿ ಅವರ ಹೆಂಡತಿ ತೀರಿಕೊಂಡರು. ಹೆಣ ಇನ್ನೂ ಮೇಲಿನ ಕೋಣೆಯಲ್ಲಿದ್ದಾಗ ಕಾಬ್ಡೆನ್ ಮಾತಾಡಿಸಿಕೊಂಡು ಹೋಗಲು ಬಂದರು. ಸಮಾಧಾನದ ಮಾತುಗಳಾದ ಮೇಲೆ, ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಗಳಿಗೆಯಲ್ಲಿ ಇಂಗ್ಲೆಂಡಿನ ಸಾವಿರಾರು ಮನೆಗಳಲ್ಲಿ ಹೆಂಡಂದಿರು, ತಾಯಂದಿರು, ಮಕ್ಕಳು ಹಸಿವಿನಿಂದ ಸಾಯುತ್ತಿದ್ದಾರೆ, ನಿಮ್ಮ ದುಃಖದ ಮೊದಲ ಸೆಳೆತ ಕಳೆದ ಮೇಲೆ ನನ್ನೊಡನೆ ಬನ್ನಿ, ಧಾನ್ಯ ಕಾಯ್ದೆ ರದ್ದಾಗುವ ತನಕ ನಾವಿಬ್ಬರೂ ವಿಶ್ರಮಿಸುವುದು ಬೇಡ ಎಂದರು. ಸಾವಿನ ಮನೆಯಲ್ಲಿ ಆಡುವ ಮಾತೇ ಇದು ಎಂದು ಒಮ್ಮೆ ಅನ್ನಿಸುತ್ತದೆ. ಆದರೆ ಆ ಕೋಣೆಯಲ್ಲಿ ಆಗಲೇ ಇದ್ದ ದುಃಖಕ್ಕೆ ಅವರು ಬೇರೆ ಮನೆಗಳ ದುಃಖವನ್ನು ಪಕ್ಕದಲ್ಲಿ ತಂದು ಕೂರಿಸಿದರು. ಬ್ರೈಟ್ ಅದನ್ನು ಅಪಮಾನವೆಂದು ತಿಳಿಯಲಿಲ್ಲ, ಜೀವನದುದ್ದಕ್ಕೂ ಆ ಮಾತನ್ನು ನಡೆಸಿದರು.

ಪಾರ್ಲಿಮೆಂಟಿನಲ್ಲಿ ಕಾಬ್ಡೆನ್ ಗೆದ್ದದ್ದು ಲೆಕ್ಕದ ಬಲದಿಂದ. 1845ರ ಮಾರ್ಚ್ 13ರ ಅವರ ಭಾಷಣವನ್ನು ನಾನು ಮತ್ತೆ ಮತ್ತೆ ಓದುವುದುಂಟು. ಅದರಲ್ಲಿ ಅವರು ಕಾರ್ಖಾನೆಗಳ ಮಾತನ್ನು ಬದಿಗಿಟ್ಟು, ಈ ಕಾಯ್ದೆಯಿಂದ ಗುತ್ತಿಗೆ ರೈತನಿಗಾಗಲಿ ಹೊಲದ ಕೂಲಿಯವನಿಗಾಗಲಿ ಏನು ಸಿಕ್ಕಿದೆ ತೋರಿಸಿ ಎಂದು ಸವಾಲು ಹಾಕುತ್ತಾರೆ. ಕೈಬಿಟ್ಟ ಹೊಲದ ನೋವನ್ನು ಚಿಕ್ಕಂದಿನಲ್ಲಿ ಉಂಡಿದ್ದ ರೈತನ ಮಗನ ದನಿ ಅದರಲ್ಲಿ ಕೇಳುತ್ತದೆ. ಎದುರಿನ ಬೆಂಚಿನಲ್ಲಿ ಪ್ರಧಾನಿ ರಾಬರ್ಟ್ ಪೀಲ್ ಟಿಪ್ಪಣಿ ಮಾಡಿಕೊಳ್ಳುತ್ತ ಕುಳಿತಿದ್ದರು. ನಡುವೆ ಬರೆಯುವುದನ್ನು ನಿಲ್ಲಿಸಿ, ಕಾಗದವನ್ನು ಮುದುಡಿ, ಪಕ್ಕದಲ್ಲಿದ್ದ ಸಿಡ್ನಿ ಹರ್ಬರ್ಟ್ ಅವರಿಗೆ, ಇದಕ್ಕೆ ನೀವೇ ಉತ್ತರ ಹೇಳಬೇಕು, ನನ್ನಿಂದ ಆಗದು ಎಂದರಂತೆ. ಅದೇ ವರ್ಷ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆಯಿತು. ಪೀಲ್ ಸ್ವಂತ ಪಕ್ಷವನ್ನೇ ಎದುರುಹಾಕಿಕೊಂಡು ಕಾಯ್ದೆಯನ್ನು ತೆಗೆದರು. 1846ರ ಜೂನ್ 25ರಂದು ಮಸೂದೆ ಲಾರ್ಡ್ಸ್ ಸಭೆಯನ್ನು ದಾಟಿದ ರಾತ್ರಿಯೇ ಕಾಮನ್ಸ್ ಸಭೆಯಲ್ಲಿ ಬೇರೊಂದು ಮಸೂದೆಯ ಮೇಲೆ ಅವರ ಸರಕಾರ ಸೋತಿತು. ಅಧಿಕಾರ ಬಿಡುವಾಗ ಪೀಲ್, ಈ ಕ್ರಮಗಳ ಜೊತೆ ನೆನೆಯಬೇಕಾದ ಹೆಸರು ತಮ್ಮದಲ್ಲ, ರಿಚರ್ಡ್ ಕಾಬ್ಡೆನ್ ಅವರದು ಎಂದರು. ಸೋತವನು ಗೆದ್ದವನಿಗೆ ಕೊಟ್ಟ ಇಂಥ ಮನ್ನಣೆ ರಾಜಕಾರಣದಲ್ಲಿ ಅಪರೂಪ.

ಇಲ್ಲಿ ಕೆಲವು ಮಾತುಗಳನ್ನು ಮರೆಮಾಚದೆ ಹೇಳಬೇಕು. ರೊಟ್ಟಿ ಅಗ್ಗವಾದರೆ ಗಿರಣಿ ಮಾಲೀಕರು ಕೂಲಿ ಇಳಿಸುತ್ತಾರೆ, ಲೀಗಿನ ಉತ್ಸಾಹದ ಗುಟ್ಟು ಅದೇ ಎಂದು ಎಲ್ಲ ಗಂಡಸರಿಗೂ ಮತದ ಹಕ್ಕು ಕೇಳುತ್ತಿದ್ದ ಚಾರ್ಟಿಸ್ಟರು ಶಂಕಿಸಿದರು. ಆ ಶಂಕೆ ಪೂರ್ತಿ ಆಧಾರವಿಲ್ಲದ್ದಲ್ಲ. ವಯಸ್ಕ ಕೆಲಸಗಾರರ ದುಡಿಮೆಯ ಹೊತ್ತನ್ನು ಕಾನೂನಿನಿಂದ ಮಿತಿಗೊಳಿಸುವುದನ್ನು ಕಾಬ್ಡೆನ್ ಒಪ್ಪಲಿಲ್ಲ. ಮಾಲೀಕ ಮತ್ತು ಆಳು ಸಮಾನರಾಗಿ ಚೌಕಾಸಿ ಮಾಡುತ್ತಾರೆಂದು ನಂಬಿದ್ದು ಅವರ ದೊಡ್ಡ ಕುರುಡು ಎಂದೇ ನನ್ನ ಅಭಿಪ್ರಾಯ. ಕಾಯ್ದೆ ಹೋದ ತಕ್ಷಣ ಗೋಧಿ ಅಗ್ಗವಾಗಿಬಿಡಲೂ ಇಲ್ಲ. ಅಮೆರಿಕದ ಬಯಲಿನ ಗೋಧಿಯನ್ನು ರೈಲು ಮತ್ತು ಹಬೆ ಹಡಗುಗಳು ಹೊತ್ತು ತಂದ 1870ರ ದಶಕದ ಮೇಲೆಯೇ ಬೆಲೆ ನಿಜವಾಗಿ ಕುಸಿದದ್ದು. ಐರ್ಲೆಂಡಿನ ಹಸಿವಿಗೆ ಸುಂಕದ ರದ್ದತಿಯೊಂದೇ ಮದ್ದಾಗಲಿಲ್ಲ. ಅಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಆದರೂ ಬಡವನ ಅನ್ನಕ್ಕೆ ಸುಂಕ ಹಾಕಕೂಡದು ಎಂಬ ಮಾತು ಆ ದೇಶದ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿಯಿತೆಂದರೆ, ಮುಂದಿನ ಮುಕ್ಕಾಲು ಶತಮಾನ ಯಾವ ಪಕ್ಷವೂ ಅದನ್ನು ಸುಲಭವಾಗಿ ಮುಟ್ಟಲಾಗಲಿಲ್ಲ.

ಹೋರಾಟದ ಅವಧಿಯಲ್ಲಿ ಕಾಬ್ಡೆನ್ ಅವರ ವ್ಯಾಪಾರ ಹಾಳಾಗಿತ್ತು. ಜನ ಚಂದಾ ಎತ್ತಿ ಕೊಟ್ಟ ಹಣದಿಂದ ಸಾಲ ತೀರಿಸಿ, ತಾವು ಹುಟ್ಟಿದ ಡನ್‌ಫರ್ಡ್ ಜಮೀನನ್ನು ಮತ್ತೆ ಕೊಂಡರು. 1846ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಸಭೆಯಲ್ಲಿ ಅವರು ಹೇಳಿದ್ದರು: ಲೋಕದ ವಸ್ತುಗಳನ್ನೆಲ್ಲ ಗುರುತ್ವಾಕರ್ಷಣೆ ಹಿಡಿದಿಟ್ಟಿರುವ ಹಾಗೆ, ಮುಕ್ತ ವ್ಯಾಪಾರದ ತತ್ತ್ವವು ಕುಲ, ಮತ, ಭಾಷೆಗಳ ವೈರವನ್ನು ಸರಿಸಿ ಮನುಷ್ಯರನ್ನು ಒಬ್ಬರ ಹತ್ತಿರ ಒಬ್ಬರನ್ನು ಎಳೆದು ತರುತ್ತದೆ. ಇಂದು ಓದುವಾಗ ಈ ನಂಬಿಕೆ ತೀರ ಹೆಚ್ಚಾಯಿತು ಎನ್ನಿಸುವುದು ಸಹಜ. ಆದರೆ ತಾನಾಗಿಯೇ ಹಾಗೆ ಆಗಿಬಿಡುತ್ತದೆಂದು ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಹದಿನಾಲ್ಕು ತಿಂಗಳು ಯುರೋಪಿನ ರಾಜಧಾನಿಗಳನ್ನು ಸುತ್ತಿ ಬಂದು, 1849ರಲ್ಲಿ ವಿಕ್ಟರ್ ಹ್ಯೂಗೋ ಅಧ್ಯಕ್ಷತೆಯ ಪ್ಯಾರಿಸ್ಸಿನ ಶಾಂತಿ ಸಮ್ಮೇಳನದಲ್ಲಿ ಫ್ರೆಂಚಿನಲ್ಲಿಯೇ ಮಾತಾಡಿದರು. ಹಂಗೇರಿಯನ್ನು ತುಳಿದ ಆಸ್ಟ್ರಿಯಾ ಮತ್ತು ರಷ್ಯಾಗಳು ಲಂಡನ್ನಿನಲ್ಲಿ ಸಾಲ ಎತ್ತಲು ಬಂದಾಗ, ಯುದ್ಧಕ್ಕೆ ಸಾಲ ಕೊಟ್ಟವನು ಆ ರಕ್ತದಲ್ಲಿ ಪಾಲುದಾರನೇ ಎಂದು ಸಾರ್ವಜನಿಕ ಸಭೆಗಳಲ್ಲಿ ಎಚ್ಚರಿಸಿದರು. ಜೂನ್ 12ರ ಆ 79 ಮತಗಳು ಬಂದದ್ದು ಈ ಕೆಲಸಗಳ ನಡುವೆ.

ಅವರ ಎಲ್ಲ ಬರಹಗಳಲ್ಲಿ ನನಗೆ ಬಹಳ ಹತ್ತಿರವಾದದ್ದು 1853ರಲ್ಲಿ ಹೊರಬಂದ, ಭಾರತದಲ್ಲಿ ಯುದ್ಧಗಳನ್ನು ಹೇಗೆ ಹುಟ್ಟಿಸುತ್ತಾರೆ ಎಂಬ ಹೆಸರಿನ ಕಿರುಹೊತ್ತಗೆ. ಎರಡನೆಯ ಬರ್ಮಾ ಯುದ್ಧದ ಹುಟ್ಟನ್ನು ಅದು ಶೋಧಿಸುತ್ತದೆ. ಕಾಬ್ಡೆನ್ ಬಳಸಿದ್ದು ಪಾರ್ಲಿಮೆಂಟಿನ ಮುಂದಿಟ್ಟ ಸರಕಾರದ ಕಾಗದಗಳನ್ನೇ. ಪತ್ರದ ಪಕ್ಕ ಪತ್ರ, ತಾರೀಖಿನ ಪಕ್ಕ ತಾರೀಖು ಇಟ್ಟು, ಪರಿಣತ ವಕೀಲನ ಹಾಗೆ ಕಥೆಯನ್ನು ಬಿಡಿಸುತ್ತಾರೆ. ಇಬ್ಬರು ಬ್ರಿಟಿಷ್ ಹಡಗು ನಾಯಕರಿಂದ ರಂಗೂನಿನ ಅಧಿಕಾರಿ ಅನ್ಯಾಯವಾಗಿ ದಂಡ ವಸೂಲಿ ಮಾಡಿದನೆಂಬುದು ದೂರು. ಅವರಿಗೆ ಕೊಡಿಸಬೇಕಾಗಿದ್ದ ಪರಿಹಾರ ಒಂದು ಸಾವಿರ ಪೌಂಡಿಗೂ ಕಡಿಮೆ. ಅದನ್ನು ಕೇಳಲು ಗವರ್ನರ್ ಜನರಲ್ ಡಾಲ್‌ಹೌಸಿ, ಕಮೊಡೋರ್ ಲ್ಯಾಂಬರ್ಟ್ ಎಂಬವರ ಕೈಕೆಳಗೆ ಯುದ್ಧನೌಕೆಗಳನ್ನು ಕಳಿಸಿದರು. ಬರ್ಮಾದ ಅರಸ ಹಳೆಯ ಅಧಿಕಾರಿಯನ್ನು ತೆಗೆದು ಹೊಸಬನನ್ನು ನೇಮಿಸಿದ್ದ. 1852ರ ಜನವರಿ 6ರ ನಡುಮಧ್ಯಾಹ್ನ, ಮುಂಚೆ ಹೇಳಿ ಕಳಿಸದೆ, ಬ್ರಿಟಿಷ್ ಅಧಿಕಾರಿಗಳ ಒಂದು ತಂಡ ಕುದುರೆ ಏರಿ ಆ ಹೊಸ ಅಧಿಕಾರಿಯ ಮನೆಯಂಗಳಕ್ಕೆ ಹೋಯಿತು. ಸಾಹೇಬರು ಮಲಗಿದ್ದಾರೆ ಎಂಬ ಉತ್ತರ ಬಂತು. ಅವರು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತು ಹಿಂದಿರುಗಿದರು. ಇದನ್ನೇ ಅಪಮಾನವೆಂದು ತೀರ್ಮಾನಿಸಿದ ಲ್ಯಾಂಬರ್ಟ್ ರಂಗೂನಿನ ದಿಗ್ಬಂಧನ ಘೋಷಿಸಿ, ಅಲ್ಲಿಯೇ ಲಂಗರು ಹಾಕಿದ್ದ ಅರಸನ ಹಡಗನ್ನು ವಶಪಡಿಸಿಕೊಂಡರು.

ಅಲ್ಲಿಂದ ಮುಂದಿನ ಏಣಿಯನ್ನು ಕಾಬ್ಡೆನ್ ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತಾರೆ. ಸಾವಿರ ಪೌಂಡಿನೊಳಗಿನ ಪರಿಹಾರದ ಮೇಲೆ ರಂಗೂನಿನ ಅಧಿಕಾರಿಯ ಕ್ಷಮೆಯಾಚನೆ ಸೇರಿತು. ಆಮೇಲೆ ಬೇಡಿಕೆ ಹತ್ತು ಲಕ್ಷ ರೂಪಾಯಿಗೆ, ಅಂದರೆ ಒಂದು ಲಕ್ಷ ಪೌಂಡಿಗೆ ಏರಿತು. ಆಮೇಲೆ ಸೈನ್ಯ ಬಂತು. ವರ್ಷ ಮುಗಿಯುವುದರೊಳಗೆ ಪೆಗು ಪ್ರಾಂತ್ಯವೇ ಬ್ರಿಟಿಷರದಾಯಿತು. ಬರ್ಮಾ ಇದ್ದ ಜಾಗದಲ್ಲಿ ಅಮೆರಿಕವನ್ನು ಇಟ್ಟು ಓದಿ ನೋಡಿ ಎಂದು ಅವರು ಓದುಗರನ್ನು ಕೇಳುತ್ತಾರೆ: ಅಮೆರಿಕದ ರೇವಿನಲ್ಲಿ ಇದೇ ಸಂಗತಿ ನಡೆದಿದ್ದರೆ ಇದೇ ಕಮೊಡೋರ್ ಇದೇ ರೀತಿ ನಡೆದುಕೊಳ್ಳುತ್ತಿದ್ದನೇ? ಈ ಯುದ್ಧದ ಖರ್ಚು ಬಿದ್ದದ್ದು ಭಾರತದ ಬೊಕ್ಕಸದ ಮೇಲೆ ಎಂಬುದನ್ನೂ ಅವರು ಬಿಡಲಿಲ್ಲ. ಯಾರನ್ನೂ ಒಂದು ಮಾತು ಕೇಳದೆ, ನಮ್ಮ ರೈತರು ಕಟ್ಟಿದ ಕಂದಾಯದಿಂದ ಬೇರೊಬ್ಬರ ನೆಲ ಗೆದ್ದ ಕಥೆ ಇದು. ಲಂಡನ್ನಿನಲ್ಲಿ ಕುಳಿತ ಬಟ್ಟೆ ವ್ಯಾಪಾರಿಯೊಬ್ಬರು ಆ ಕಂದಾಯದ ಪರವಾಗಿ ಲೆಕ್ಕ ಕೇಳಿದರೆಂಬುದು ನನಗೆ ಸಣ್ಣ ವಿಷಯವಲ್ಲ.

ಮರುವರ್ಷ ಕ್ರಿಮಿಯಾ ಯುದ್ಧ ಬಂತು. ದೇಶಕ್ಕೆ ದೇಶವೇ ರಷ್ಯಾದ ಮೇಲೆ ಕೆರಳಿ ನಿಂತಾಗ ಕಾಬ್ಡೆನ್ ಮತ್ತು ಬ್ರೈಟ್ ಇಬ್ಬರೂ ಅದನ್ನು ವಿರೋಧಿಸಿದರು. ಹತ್ತು ವರ್ಷದ ಹಿಂದೆ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದ್ದ ಊರುಗಳಲ್ಲಿ ಅವರ ಮಾತು ಕೇಳುವವರಿಲ್ಲವಾದರು. ಪತ್ರಿಕೆಗಳು ಅವರನ್ನು ದೇಶಕ್ಕೆ ದ್ರೋಹ ಬಗೆದವರಂತೆ ಕಂಡವು. ಅದರ ಬೆನ್ನಿಗೇ, 1856ರ ಏಪ್ರಿಲಿನಲ್ಲಿ, ಜರ್ಮನಿಯ ಹೈಡೆಲ್‌ಬರ್ಗಿನ ಹತ್ತಿರದ ವೈನ್‌ಹೈಮಿನಲ್ಲಿ ಓದುತ್ತಿದ್ದ ಅವರ ಒಬ್ಬನೇ ಮಗ, ಹದಿನೈದರ ಹುಡುಗ ರಿಚರ್ಡ್, ಕೆಂಜ್ವರಕ್ಕೆ ಸಿಕ್ಕಿ ಕೆಲವೇ ದಿನಗಳಲ್ಲಿ ತೀರಿಕೊಂಡ. ಸುದ್ದಿ ಲಂಡನ್ನಿನಲ್ಲಿದ್ದ ತಂದೆಗೆ ತಲುಪುವ ಹೊತ್ತಿಗೆ ಹುಡುಗನನ್ನು ಮಣ್ಣು ಮಾಡಿಯೂ ಆಗಿತ್ತು. ಅಲ್ಲಿಂದ ಡನ್‌ಫರ್ಡಿಗೆ ಹೋಗಿ, ಏನೂ ತಿಳಿಯದೆ ಮನೆಯಲ್ಲಿದ್ದ ಹೆಂಡತಿಗೆ ಅದನ್ನು ಹೇಳಬೇಕಾದವರು ಅವರೇ. ಆ ತಾಯಿ ಎಷ್ಟೋ ದಿನ ಮಾತಿಲ್ಲದೆ, ಕಣ್ಣೀರೂ ಇಲ್ಲದೆ ಕುಳಿತುಬಿಟ್ಟರು. ಕಾಬ್ಡೆನ್ ರಾಜಕಾರಣವನ್ನು ಹೆಚ್ಚುಕಡಿಮೆ ಬಿಟ್ಟು ಅವರ ಪಕ್ಕದಲ್ಲಿ ಉಳಿದರು. ಲೆಮಿಂಗ್ಟನ್ನಿನಲ್ಲಿ ಬ್ರೈಟ್ ಅವರಿಗೆ ಹೇಳಿದ ಮಾತನ್ನು ಈಗ ತಮಗೆ ತಾವೇ ಹೇಳಿಕೊಳ್ಳಬೇಕಾದ ಸರದಿ ಅವರದಾಯಿತು, ಮತ್ತು ವರ್ಷ ತುಂಬುವುದರೊಳಗೆ ಅವರು ಮತ್ತೆ ಎದ್ದುನಿಂತರು.

ಎದ್ದು ನಿಂತದ್ದು ಚೀನಾದ ವಿಷಯಕ್ಕೆ. 1856ರ ಅಕ್ಟೋಬರಿನಲ್ಲಿ ಕ್ಯಾಂಟನ್ನಿನ ಚೀನೀ ಅಧಿಕಾರಿಗಳು ಆರೋ ಎಂಬ ಸಣ್ಣ ಹಡಗನ್ನು ಹತ್ತಿ ಅದರ ಚೀನೀ ನಾವಿಕರನ್ನು ಹಿಡಿದರು. ಹಡಗು ಹಾಂಕಾಂಗಿನಲ್ಲಿ ನೋಂದಣಿಯಾದದ್ದು, ಅದರ ಮೇಲಿನ ಬ್ರಿಟಿಷ್ ಬಾವುಟಕ್ಕೆ ಅಪಚಾರವಾಯಿತು ಎಂದು ಬ್ರಿಟಿಷರು ಕ್ಯಾಂಟನ್ನಿನ ಮೇಲೆ ಫಿರಂಗಿ ಹಾರಿಸಿದರು. ಆ ನೋಂದಣಿಯ ಅವಧಿ ಆಗಲೇ ಮುಗಿದಿತ್ತು. ಇದನ್ನು ನಡೆಸಿದ ಹಾಂಕಾಂಗಿನ ಗವರ್ನರ್ ಜಾನ್ ಬೌರಿಂಗ್ ಯಾರು? 1838ರಲ್ಲಿ ಮ್ಯಾಂಚೆಸ್ಟರಿನ ಭೋಜನಕೂಟದಲ್ಲಿ ಮುಕ್ತ ವ್ಯಾಪಾರದ ಪರ ಮಾತಾಡಿ, ಲೀಗಿನ ಹುಟ್ಟಿಗೆ ಕಾರಣರಾದವರಲ್ಲಿ ಒಬ್ಬರು, ಕಾಬ್ಡೆನ್ ಅವರ ಹಳೆಯ ಗೆಳೆಯರು. ಅದೇ ಮುಕ್ತ ವ್ಯಾಪಾರದ ಹೆಸರಿನಲ್ಲಿ ಈಗ ಊರೊಂದರ ಬಾಗಿಲನ್ನು ಫಿರಂಗಿಯಿಂದ ಒಡೆಯುತ್ತಿದ್ದವರೂ ಅವರೇ. ಕಾಬ್ಡೆನ್ ಗೆಳೆತನವನ್ನು ನೋಡಲಿಲ್ಲ. ಸರಕಾರ ಒದಗಿಸಿದ ಕಾಗದಗಳಲ್ಲಿ ಈ ಹಿಂಸೆಗೆ ತಕ್ಕ ಆಧಾರವಿಲ್ಲ ಎಂಬ ಗೊತ್ತುವಳಿಯನ್ನು ತಂದರು. 1857ರ ಮಾರ್ಚ್ 3ರಂದು 263ಕ್ಕೆ 247 ಮತಗಳಿಂದ ಅವರು ಗೆದ್ದರು. ವಿದೇಶನೀತಿಯಲ್ಲಿ ಅವರಿಗೆ ಸದನದಲ್ಲಿ ಸಿಕ್ಕ ದೊಡ್ಡ ಗೆಲುವು ಇದೊಂದೇ. ಪ್ರಧಾನಿ ಪಾಮರ್‌ಸ್ಟನ್ ಪಾರ್ಲಿಮೆಂಟನ್ನು ವಿಸರ್ಜಿಸಿ ಜನರ ಮುಂದೆ ಹೋದರು, ಮತ್ತು ಜನ ಪಾಮರ್‌ಸ್ಟನ್ ಅವರನ್ನು ಗೆಲ್ಲಿಸಿದರು. ಹಡರ್ಸ್‌ಫೀಲ್ಡಿನಲ್ಲಿ ಕಾಬ್ಡೆನ್ ಸೋತರು. ಮ್ಯಾಂಚೆಸ್ಟರಿನಲ್ಲಿಯೇ ಬ್ರೈಟ್ ಸೋತರು.

ಈ ಸೋಲು ನನ್ನನ್ನು ಬಹಳ ಕಾಡಿದೆ. ಮ್ಯಾಂಚೆಸ್ಟರಿಗೆ ಅಗ್ಗದ ರೊಟ್ಟಿ ಬೇಕಾಗಿತ್ತು, ಸಿಕ್ಕಿತು. ಈಗ ಅದಕ್ಕೆ ಮಾರುಕಟ್ಟೆ ಬೇಕಾಗಿತ್ತು, ಅದನ್ನು ಯುದ್ಧನೌಕೆ ತೆರೆದುಕೊಟ್ಟರೆ ಬೇಡವೆನ್ನುವಷ್ಟು ಸಂಕೋಚ ಅದಕ್ಕಿರಲಿಲ್ಲ. ಕೆಲವೇ ತಿಂಗಳಲ್ಲಿ ಉತ್ತರ ಭಾರತದಲ್ಲಿ ದಂಗೆ ಎದ್ದು, ಬ್ರಿಟನ್ನಿನ ತುಂಬ ಸೇಡಿನ ಕೂಗು ಕೇಳುತ್ತಿದ್ದಾಗ, ಸದನದ ಹೊರಗಿದ್ದ ಕಾಬ್ಡೆನ್ ಗೆಳೆಯರಿಗೆ ಬರೆದ ಪತ್ರಗಳಲ್ಲಿ ಬೇರೆಯೇ ಮಾತಿದೆ. ಹಿಂದೂಸ್ಥಾನವನ್ನು ಭೂಮಿಯ ಆ ಭಾಗದಲ್ಲಿ ಇರುವವರೇ ಆಳಬೇಕು. ಎಲ್ಲಿಂದಲೋ ಬಂದು ಹೋಗುವ ಪರಕೀಯರಿಂದ ಚೆನ್ನಾಗಿ ಆಳಿಸಿಕೊಳ್ಳುವ ಅಪಮಾನಕ್ಕಿಂತ, ತಮ್ಮದೇ ಬಣ್ಣದ ತಮ್ಮವರಿಂದ ಕೆಟ್ಟದಾಗಿ ಆಳಿಸಿಕೊಳ್ಳುವುದನ್ನೇ ಅಲ್ಲಿಯ ಜನ ಬಯಸುತ್ತಾರೆ ಎಂದು ಅವರು ಬರೆದರು. ಬ್ರೈಟ್ ಭಾರತದ ಆಡಳಿತವನ್ನು ಸುಧಾರಿಸಬಹುದೆಂದು ನಂಬಿದ್ದರು; ಕಾಬ್ಡೆನ್ ಆ ನಂಬಿಕೆಯನ್ನು ಹಂಚಿಕೊಳ್ಳಲಿಲ್ಲ. 1857ರಲ್ಲಿ ಒಬ್ಬ ಇಂಗ್ಲಿಷರು ಹೀಗೆ ಬರೆದರೆಂಬುದನ್ನು ನಮ್ಮ ಶಾಲೆಯ ಪುಸ್ತಕಗಳು ಹೇಳಿದ್ದು ನನಗೆ ನೆನಪಿಲ್ಲ.

ಈಗ ಧಾರವಾಡದ ಮಾತು. ನಮ್ಮ ಅಜ್ಜ ಹತ್ತಿಯನ್ನು ಜವಾರಿ, ವಿಲಾಯತಿ ಎಂದು ಎರಡು ಹೆಸರಿನಿಂದ ಕರೆಯುತ್ತಿದ್ದರು. ಬಂದದ್ದು ಅಮೆರಿಕದ ಬೀಜವಾದರೂ ಹೆಸರು ಮಾತ್ರ ವಿಲಾಯತಿ. ಲ್ಯಾಂಕಷೈರಿನ ಗಿರಣಿಗಳು ಅಮೆರಿಕದ ಗುಲಾಮರು ಬೆಳೆದ ಹತ್ತಿಯ ಮೇಲೆಯೇ ನಿಂತಿದ್ದರಿಂದ ಅದಕ್ಕೆ ಇನ್ನೊಂದು ಮೂಲ ಬೇಕಾಗಿತ್ತು. 1840ರ ದಶಕದಲ್ಲಿ ಭಾರತದ ಹಲವು ಕಡೆ ಅಮೆರಿಕದ ಬೀಜವನ್ನು ಬಿತ್ತಿ ನೋಡಿದಾಗ ಅದು ಚೆನ್ನಾಗಿ ಒಗ್ಗಿದ ಜಾಗಗಳಲ್ಲಿ ಧಾರವಾಡ ಮುಖ್ಯವಾದದ್ದು. 1848ರಲ್ಲಿ ಭಾರತದ ಹತ್ತಿಯ ಮೇಲೆ ನೇಮಕವಾದ ಪಾರ್ಲಿಮೆಂಟ್ ಸಮಿತಿಯ ಅಧ್ಯಕ್ಷರು ಬ್ರೈಟ್. 1851ರಲ್ಲಿ ಮ್ಯಾಂಚೆಸ್ಟರ್ ಮೊದಲಾದ ಊರುಗಳ ವಾಣಿಜ್ಯ ಮಂಡಳಿಗಳು ಅಲೆಗ್ಸಾಂಡರ್ ಮಕೇ ಎಂಬವರನ್ನು ಪಶ್ಚಿಮ ಭಾರತಕ್ಕೆ ಕಳಿಸಿದವು. ನಮ್ಮ ಜವಾರಿ ಹತ್ತಿ ಘಟ್ಟ ಇಳಿದು ಕುಮಟಾ ರೇವಿನಿಂದ ಹೋಗುತ್ತಿದ್ದರಿಂದ ಪರದೇಶದ ಪೇಟೆಗಳಲ್ಲಿ ಅದಕ್ಕೆ ಕುಮಟಾ ಹತ್ತಿ ಎಂಬ ಹೆಸರೇ ಬಿತ್ತು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋದಾಗ, ಕಾರವಾರದಲ್ಲಿ ಹತ್ತಿಗೆಂದು ಬಂದರು ಕಟ್ಟುವ ಅನುಕೂಲಕ್ಕಾಗಿ 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಮ್ಯಾಂಚೆಸ್ಟರಿನ ಗಿರಣಿಯ ಅಗತ್ಯ ಕನ್ನಡ ಕರಾವಳಿಯ ಮೇಲೆ ಹೀಗೆ ಗೆರೆ ಎಳೆಯಿತು. ಉತ್ತರ ಮತ್ತು ದಕ್ಷಿಣ ಕನ್ನಡದವರು ಮತ್ತೆ ಒಂದೇ ರಾಜ್ಯದವರಾಗಲು 1956ರ ತನಕ ಕಾಯಬೇಕಾಯಿತು.

ಕಾಬ್ಡೆನ್ ತೀರಿಕೊಂಡ ಮೇಲೆ ಅದೇ ಮ್ಯಾಂಚೆಸ್ಟರ್, ಮುಕ್ತ ವ್ಯಾಪಾರದ ಹೆಸರಿನಲ್ಲಿ, ಭಾರತ ಸರಕಾರ ಲ್ಯಾಂಕಷೈರಿನ ಬಟ್ಟೆಯ ಮೇಲೆ ಹಾಕುತ್ತಿದ್ದ ಸುಂಕವನ್ನು 1882ರಲ್ಲಿ ತೆಗೆಸಿಹಾಕಿತು; ಹಣದ ಅಡಚಣೆಯಿಂದ ಸುಂಕ ಮತ್ತೆ ಬಂದಾಗ, 1896ರಲ್ಲಿ ಭಾರತದ ಗಿರಣಿ ಬಟ್ಟೆಗೂ ಶೇಕಡ ಮೂರೂವರೆಯ ತೆರಿಗೆ ಹಾಕಿಸಿ ಸರಿದೂಗಿಸಿತು. ಇಂಗ್ಲೆಂಡ್ ಮತ್ತು ಭಾರತಗಳ ನಡುವಿನ ಮುಕ್ತ ವ್ಯಾಪಾರವೆಂದರೆ ಕುದುರೆ ಏರಿದ ಬಲಶಾಲಿಗೂ ಹಸಿದು ಬಸವಳಿದ ರೋಗಿಗೂ ಇಟ್ಟ ಓಟದ ಪಂದ್ಯ ಎಂದು ದಾದಾಭಾಯಿ ನವರೋಜಿ ಹೇಳಿದ್ದು ಇಂಥದ್ದನ್ನೆಲ್ಲ ಕಂಡೇ. ಆ ಮಾತಿಗೆ ಕಾಬ್ಡೆನ್ ಅವರ ಲೇಖನಿಯಲ್ಲಿ ಪೂರ್ತಿ ಉತ್ತರವಿಲ್ಲ ಎಂದು ನಾನು ಒಪ್ಪುತ್ತೇನೆ. ಆದರೆ ಅವರು ಹೇಳಿದ ಮುಕ್ತ ವ್ಯಾಪಾರದಲ್ಲಿ ಒಬ್ಬ ಇನ್ನೊಬ್ಬನನ್ನು ಆಳುವುದು ಸೇರಿರಲಿಲ್ಲ. ಬೇಡವೆನ್ನುವ ಹಕ್ಕು ಇಲ್ಲದವನೊಡನೆ ನಡೆಸುವ ವ್ಯಾಪಾರವನ್ನು ಮುಕ್ತವೆಂದು ಕರೆದದ್ದು ಅವರ ಅರ್ಧ ಮಾತನ್ನು ಮಾತ್ರ ಕೇಳಿಸಿಕೊಂಡವರು.

ಅವರ ಪೂರ್ತಿ ಮಾತು ಹೇಗಿತ್ತೆಂದು ನೋಡಬೇಕಾದರೆ 1860ರ ಫ್ರಾನ್ಸ್ ಒಪ್ಪಂದವನ್ನು ನೋಡಬೇಕು. 1859ರಲ್ಲಿ ಪಾಮರ್‌ಸ್ಟನ್, ಕಾಬ್ಡೆನ್ ಅವರಿಗೆ ಮಂತ್ರಿಪದವಿ ನೀಡಲು ಬಂದಾಗ, ಇಷ್ಟು ವರ್ಷ ನಿಮ್ಮ ನೀತಿಯನ್ನು ಬಹಿರಂಗವಾಗಿ ಖಂಡಿಸಿ ಈಗ ನಿಮ್ಮ ಸಂಪುಟದಲ್ಲಿ ಹೇಗೆ ಕೂರಲಿ ಎಂದು ಅವರು ಒಲ್ಲೆನೆಂದರು. ಆ ಶರತ್ಕಾಲದಲ್ಲಿ ಫ್ರೆಂಚ್ ಅರ್ಥಶಾಸ್ತ್ರಜ್ಞ ಮಿಷೆಲ್ ಶೆವಾಲಿಯೆ ಅವರ ಪ್ರೇರಣೆಯಿಂದ, ಹಣಕಾಸಿನ ಮಂತ್ರಿ ಗ್ಲ್ಯಾಡ್‌ಸ್ಟನ್ ಅವರ ಬೆಂಬಲದೊಂದಿಗೆ, ಪ್ಯಾರಿಸ್ಸಿಗೆ ಹೋಗಿ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನರೊಡನೆ ನೇರವಾಗಿ ಮಾತಾಡಿದರು. 1860ರ ಜನವರಿ 23ರಂದು ಸಹಿ ಬಿತ್ತು. ಬ್ರಿಟನ್ ಫ್ರೆಂಚ್ ದ್ರಾಕ್ಷಾರಸದ ಸುಂಕ ಇಳಿಸಿತು, ರೇಷ್ಮೆಯ ಸುಂಕ ತೆಗೆಯಿತು. ಫ್ರಾನ್ಸ್ ಬ್ರಿಟಿಷ್ ಸರಕಿನ ನಿಷೇಧಗಳನ್ನು ತೆಗೆದು, ಸುಂಕ ಶೇಕಡ 30 ಮೀರದಂತೆ ಮಿತಿ ಹಾಕಿತು. ಆಮೇಲಿನ ತಿಂಗಳುಗಳಲ್ಲಿ ಶ್ವಾಸದ ಕಾಯಿಲೆಯಿಂದ ಬಳಲುತ್ತ, ಒಂದೊಂದು ಬಗೆಯ ಸರಕಿನ ದರವನ್ನೂ ಕುಳಿತು ಇತ್ಯರ್ಥ ಮಾಡಿದರು. ಅವರು ಪ್ಯಾರಿಸ್ಸಿನಲ್ಲಿ ಈ ಕೆಲಸದಲ್ಲಿ ಮುಳುಗಿದ್ದಾಗಲೇ ಲಂಡನ್ನಿನಲ್ಲಿ ಪಾಮರ್‌ಸ್ಟನ್, ಅದೇ ಫ್ರಾನ್ಸಿನ ಭಯ ಹೇಳಿ, ದಕ್ಷಿಣದ ಬಂದರುಗಳಿಗೆ ಕೋಟೆ ಕಟ್ಟಲು ಪಾರ್ಲಿಮೆಂಟಿನಿಂದ ಹಣ ಕೇಳುತ್ತಿದ್ದರು. ಆ ಭಯ ಮೂರು ಸಲ ಎದ್ದು ಮೂರು ಸಲವೂ ಸುಳ್ಳಾದ ಬಗೆಯನ್ನು ಕಾಬ್ಡೆನ್ 1862ರಲ್ಲಿ ಅಂಕಿಸಂಖ್ಯೆಗಳ ಸಹಿತ ಇನ್ನೊಂದು ಹೊತ್ತಗೆಯಲ್ಲಿ ಬಿಡಿಸಿಟ್ಟರು. ಒಪ್ಪಂದಕ್ಕಾಗಿ ಸರಕಾರ ಕೊಡಲು ಬಂದ ಬಿರುದನ್ನು ಬೇಡವೆಂದರು.

1865ರ ಮಾರ್ಚಿನಲ್ಲಿ ಕೆನಡಾದಲ್ಲಿ, ಅಮೆರಿಕದ ದಾಳಿಯ ಭಯದಿಂದ, ಕೋಟೆಗಳನ್ನು ಕಟ್ಟುವ ಖರ್ಚು ಕಾಮನ್ಸ್ ಸಭೆಯ ಮುಂದೆ ಬಂತು. ಚಳಿ ಕಡುವಾಗಿತ್ತು, ಚಳಿಗಾಲವಿಡೀ ಮನೆಬಿಟ್ಟು ಹೊರಗೆ ಹೋಗದೆ ಇದ್ದ ಕಾಬ್ಡೆನ್, ಈ ಖರ್ಚಿನ ವಿರುದ್ಧ ಮಾತಾಡಲೇಬೇಕೆಂದು ಡನ್‌ಫರ್ಡಿನಿಂದ ಲಂಡನ್ನಿಗೆ ಹೊರಟರು. ಬಂದ ಕೂಡಲೇ ಉಸಿರಾಟದ ತೊಂದರೆ ಹೆಚ್ಚಾಗಿ ಸಫೊಕ್ ಬೀದಿಯ ಬಾಡಿಗೆ ಕೋಣೆಯಲ್ಲಿ ಹಾಸಿಗೆ ಹಿಡಿದರು. ಸದನಕ್ಕೆ ಹೋಗಲಾಗಲಿಲ್ಲ, ಅವರು ಮಾತಾಡಬೇಕಿದ್ದ ಚರ್ಚೆ ಅವರಿಲ್ಲದೆಯೇ ಮುಗಿದು, ಹಣ ಮಂಜೂರಾಯಿತು. ಏಪ್ರಿಲ್ 2ರ ಭಾನುವಾರ ಬ್ರೈಟ್ ಹಾಸಿಗೆಯ ಪಕ್ಕದಲ್ಲಿದ್ದಾಗ ಅವರು ತೀರಿಕೊಂಡರು. ಮರುದಿನ ಸದನದಲ್ಲಿ ಪಾಮರ್‌ಸ್ಟನ್ ಅವರ ಸಂತಾಪದ ಮಾತುಗಳಾದ ಮೇಲೆ ಬ್ರೈಟ್ ಎದ್ದು ನಿಂತರು. ಕೆಲವು ವಾಕ್ಯಗಳಿಗಿಂತ ಹೆಚ್ಚು ಅವರಿಂದ ಆಡಲಾಗಲಿಲ್ಲ. ಕಾಬ್ಡೆನ್ ಅವರನ್ನು ವೆಸ್ಟ್ ಲ್ಯಾವಿಂಗ್ಟನ್ನಿನ ಇಳಿಜಾರಿನ ಮೇಲಿನ ಚರ್ಚಿನ ಅಂಗಳದಲ್ಲಿ, ಮಗನ ಪಕ್ಕದಲ್ಲಿ ಮಣ್ಣು ಮಾಡಿದರು.